ಸಾಕು ಎನ್ನದ ಸಾಲು

ಶಿದ್ರಾಮಪ್ಪನ ಅಭಿಪ್ರಾಯದಲ್ಲಿ ಮದುವೆಗೆ ವರ, ವಧು ಮತ್ತು ಅಯ್ಯನವರು ಇದ್ದರೆ ಒಳ್ಳೆಯದು, ಒಬ್ಬರು ತಡವಾದರೂ ಹೇಗೋ ನಡೆಯುತ್ತದೆ. ಬಡಿಸುವವನು ಇಲ್ಲದಿದ್ದರೆ ಮಾತ್ರ ಅದು ಮದುವೆಯಲ್ಲ, ಬರೀ ಗದ್ದಲ. ಈ ಅಭಿಪ್ರಾಯವನ್ನು ಅವನು ಬಾಯಿ ಬಿಟ್ಟು ಹೇಳಿದವನಲ್ಲ. ಹುಗ್ಗಿಯ ಬಕೀಟು ಹಿಡಿದು ಸಾಲಿನ ತುದಿಯಲ್ಲಿ ನಿಂತಾಗ ಅವನ ಕತ್ತು ಇರುತ್ತಿದ್ದ ರೀತಿಯಲ್ಲೇ ಅದು ಎಲ್ಲರಿಗೂ ತಿಳಿಯುತ್ತಿತ್ತು.

ಬೀಳಗಿಯಿಂದ ಹಿನ್ನೀರಿನ ಕಡೆಗೆ ಹೋಗುವ ರಸ್ತೆಯ ಮೇಲಿನ ಸಣ್ಣ ಊರು ಅವನದು. ಕರೆ ಮಾತ್ರ ಲೋಕಾಪುರ, ಜಮಖಂಡಿ, ರಬಕವಿ-ಬನಹಟ್ಟಿಯಿಂದೆಲ್ಲ ಬರುತ್ತಿತ್ತು. ಕೂಲಿಗೆ ಅಲ್ಲ. ಕೂಲಿ ಎಂಬ ಮಾತು ಬಂದರೆ ಅವನು ಬಕೀಟು ನೆಲಕ್ಕಿಟ್ಟು ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಿದ್ದ. ಹೆಗಲಿಗೊಂದು ಟಾವೆಲ್ಲು ಹೊದಿಸಿ, "ಶಿದ್ರಾಮಪ್ಪ ಇದ್ದಾನಂತ ಮಾನ ಉಳೀತು" ಎಂದು ಹತ್ತು ಜನರ ಎದುರಿಗೆ ಹೇಳಿದರೆ ಸಾಕಿತ್ತು. ಆ ಮಾತನ್ನು ಅವನು ತಲೆ ತಗ್ಗಿಸಿ, ಆದರೆ ಪೂರ್ತಿಯಾಗಿ, ಕೇಳಿಸಿಕೊಳ್ಳುತ್ತಿದ್ದ.

ಬಡಿಸುವುದಕ್ಕೆ ಈ ಕಡೆ ನೀಡುವುದು ಎನ್ನುತ್ತಾರೆ. ನೀಡುವುದರಲ್ಲಿ ಅವನದೊಂದು ಶಾಸ್ತ್ರವಿತ್ತು.

"ಮೊದಲನೇ ಸಾಕು ಅಂಬೂದು ಸುಳ್ಳು. ಅದು ಮರ್ಯಾದಿ ಮಾತು. ಎರಡನೇ ಸಾಕು ಅರ್ಧ ಖರೆ. ಎಲಿ ಮ್ಯಾಲೆ ಕೈ ಅಡ್ಡ ಬಂತಂದ್ರ ಅದು ಖರೆ ಸಾಕು. ಅವಾಗೂ ಕೈ ನೋಡಬೇಕು, ಬೆರಳ ಸಡ್ಲ ಅದಾವೋ ಬಿಗಿ ಅದಾವೋ ಅಂತ" ಎಂದು ಅವನು ಹೊಸಬರಿಗೆ ಹೇಳಿಕೊಡುತ್ತಿದ್ದ. ಹೊತ್ತಿನ ವಿಚಾರವೂ ಇತ್ತು. "ಹಸದಾಗ ನೀಡಬೇಕು. ಕೈ ತೊಳ್ಯಾಕ ಎದ್ದಾಂವನ ಎಲಿಗೆ ಹುಗ್ಗಿ ಹಾಕಿದ್ರ ಉಣ್ಣಾಂವ ಅವನಲ್ಲ, ನೊಣ."

ಮುಧೋಳದ ಕಾಳಿನ ವ್ಯಾಪಾರಿ ಮುರಗೆಪ್ಪ ಒಮ್ಮೆ ಲೋಕಾಪುರದ ಮದುವೆಯೊಂದರಲ್ಲಿ ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದು ಮೂರನೇ ಸಾಕು ಅಂದರಂತೆ. ಶಿದ್ರಾಮಪ್ಪ ಬೆರಳುಗಳನ್ನು ಪರೀಕ್ಷಿಸಿ, ಸಡಿಲ ಇವೆ ಎಂದು ತೀರ್ಮಾನಿಸಿ, ಹೋಳಿಗೆಯನ್ನು ಕೈಯ ಮೇಲೆಯೇ ಇಟ್ಟನಂತೆ. ಆಮೇಲೆ ಮುರಗೆಪ್ಪನವರನ್ನು ಇಬ್ಬರು ಹಿಡಿದು ಎಬ್ಬಿಸಿದರು. ಗೋಡೆಗೆ ಒರಗಿ ಕೂತು ಅವರು ಆಡಿದ ಮೊದಲ ಮಾತು, "ನನ್ನ ಮಗಳ ಮದಿವಿಗೆ ಇವನ್ನ ಕರೀರಿ." ಈ ಪ್ರಸಂಗವನ್ನು ಶಿದ್ರಾಮಪ್ಪ ತಾನಾಗಿ ಹೇಳುತ್ತಿರಲಿಲ್ಲ. ಯಾರಾದರೂ ಕೇಳುವ ಹಾಗೆ ಮಾತು ತಿರುಗಿಸುತ್ತಿದ್ದ, ಅಷ್ಟೇ.

ಇಷ್ಟು ಮದುವೆಗಳಲ್ಲಿ ನಿಂತವನಿಗೆ ತನ್ನದೊಂದು ಮದುವೆಯಲ್ಲಿ ಕೂರಲಾಗಲಿಲ್ಲ. ಹರೆಯದಲ್ಲಿ ಹೆಣ್ಣು ನೋಡಲು ಚಿಕ್ಕಪಡಸಲಗಿಗೆ ಹೋಗಿದ್ದಾಗ, ಹುಡುಗಿ ಉಪ್ಪಿಟ್ಟಿನ ತಾಟುಗಳನ್ನು ತಂದಳು. ಆಕೆ ಹಿಡಿದ ರೀತಿ ನೋಡಲಾರದೆ ಇವನೇ ಎದ್ದು ಇಸಿದುಕೊಂಡು ಎಲ್ಲರಿಗೂ ಕೊಟ್ಟು, ಒಳಗೆ ಹೋಗಿ ನೀರೂ ತಂದನಂತೆ. ಊಟ ಉಪಚಾರ ಮುಗಿದ ಮೇಲೆ ಹೆಣ್ಣಿನ ಅಜ್ಜ, "ಎಲ್ಲಾ ಛಲೋ ಆತು, ಹುಡುಗ ಯಾಕ ಬರಲಿಲ್ಲ?" ಎಂದು ಕೇಳಿದರು. ಆ ಸಂಬಂಧ ಕೂಡಲಿಲ್ಲ. ಉಳಿದವೂ ಕೂಡಲಿಲ್ಲ. ತಾಯಿ ಸುಂದರವ್ವ ಇರುವ ತನಕ ಮನೆಯಲ್ಲಿ ಒಂದು ಎಲೆಗೆ ಇನ್ನೊಂದು ಎಲೆ ಎದುರಿತ್ತು. ಆಮೇಲೆ ಇಲ್ಲ.

ಆದರೂ ಊರೂರಿನ ಸಾಲುಗಳು ಇದ್ದವಲ್ಲ, ಅವನಿಗೆ ಕೊರತೆ ಕಾಣಲಿಲ್ಲ. ಕೊರತೆ ಬಂದದ್ದು ಮಂಗಲ ಕಾರ್ಯಾಲಯಗಳು ಬಂದ ಮೇಲೆ. ಉದ್ದನೆಯ ಮೇಜು, ಕೆಳಗೆ ಸಣ್ಣ ಬೆಂಕಿ ಇಟ್ಟ ಸ್ಟೀಲಿನ ಡಬರಿಗಳು, ತಲೆಗೆ ಪ್ಲಾಸ್ಟಿಕ್ಕಿನ ಟೊಪ್ಪಿಗೆ ಹಾಕಿಕೊಂಡ ಕೇಟರಿಂಗ್ ಹುಡುಗರು. ಜನ ತಾಟು ಹಿಡಿದು ಪಾಳಿಯಲ್ಲಿ ನಿಂತು, ನಿಂತೇ ಉಂಡು, ನಿಂತಲ್ಲೇ ಮರೆತುಹೋಗುವ ಊಟ. ಜಮಖಂಡಿಯ ಒಂದು ಮದುವೆಯಲ್ಲಿ ಶಿದ್ರಾಮಪ್ಪ ತಡೆಯಲಾರದೆ ಮೇಜಿನ ಆಚೆ ಹೋಗಿ ಸೌಟಿಗೆ ಕೈ ಹಾಕಿದ.

"ಅಜ್ಜಾರ, ಈ ಕಡೆ ಬರಬಾರದ್ರಿ. ಪಾಳೇಕ ನಿಂದರ್ರಿ" ಎಂದ ಟೊಪ್ಪಿಗೆಯವನು.

"ಅವ್ರಿಗೆ ಪಲ್ಯ ಕಡಿಮಿ ಬಿದ್ದೈತಪಾ."

"ಬೇಕಂದ್ರ ಅವ್ರ ಬಂದು ಹಾಕ್ಕೋತಾರ್ರಿ."

ಬೇಕೆಂದವನು ತಾನೇ ಬಂದು ಹಾಕಿಕೊಳ್ಳುವ ಜಗತ್ತಿನಲ್ಲಿ ತನಗೇನು ಕೆಲಸ ಎಂಬುದು ಅವನಿಗೆ ತಿಳಿಯಲಿಲ್ಲ. ಲಗ್ನಪತ್ರಿಕೆಗಳು ಈಗಲೂ ಬರುತ್ತಿದ್ದವು. ಅವನು ಹೋಗುವುದನ್ನು ನಿಲ್ಲಿಸಿದ. ಮನೆಯಲ್ಲಿ ಅಡುಗೆ ಮಾತ್ರ ನಾಲ್ಕು ಜನಕ್ಕಾಗುವಷ್ಟು ಮಾಡುತ್ತಿದ್ದ, ಕಡಿಮೆ ಮಾಡಲು ಕೈಗೆ ಬರುತ್ತಿರಲಿಲ್ಲ. ಉಳಿದದ್ದು ಪಕ್ಕದವರ ಎಮ್ಮೆಗೆ. ಎಮ್ಮೆ ಎಷ್ಟು ಹಾಕಿದರೂ ತಿನ್ನುತ್ತಿತ್ತು. ಅದಕ್ಕೆ ನೀಡುವುದರಲ್ಲಿ ಕಲೆಯೇನೂ ಬೇಕಿರಲಿಲ್ಲ.

ಹೀಗಿದ್ದಾಗ ಪ್ರತಿಮಾ ಬಂದಳು. ಸಂಶೋಧನಾ ಕೇಂದ್ರವೊಂದರ ಕಡೆಯಿಂದ ಬೀಳಗಿಗೆ ಬಂದಿದ್ದ, ಸ್ಕೂಟರಿನ ಮೇಲೆ ಹೊಲ ಹೊಲ ತಿರುಗುವ ಹುಡುಗಿ. ಆಕೆಗೆ ರಸ್ತೆಯ ಪಕ್ಕದಲ್ಲಿ ಸೂರ್ಯಕಾಂತಿ ಬಿತ್ತಲು ಎರೆಹೊಲ ಬೇಕಿತ್ತು. ನೀರಿದ್ದವರೆಲ್ಲ ಕಬ್ಬು ಹಚ್ಚಿಕೊಂಡು ಆಕೆಯ ಮಾತು ಕೇಳದಾಗಿದ್ದರು. ಶಿದ್ರಾಮಪ್ಪನದು ಮಳೆಯನ್ನೇ ನಂಬಿದ ಹೊಲ, ಹಿಂದಿನ ವರ್ಷ ಕಡಲೆ ಬೆಳೆದದ್ದು.

"ಕಾಕಾರ, ಬೀಜ ನಮ್ದು, ಗೊಬ್ಬರ ನಮ್ದು. ಬೆಳಿ ನಿಮ್ದು" ಎಂದಳು ಪ್ರತಿಮಾ.

"ಮತ್ತ ನಂದೇನ್ ಕೆಲಸಾರಿ?"

"ಹೇಳಿದಷ್ಟು ಹಾಕೂದು, ಹೇಳಿದಾಗ ಹಾಕೂದು. ಮತ್ತೇನಿಲ್ರಿ."

ಎಷ್ಟು ಮತ್ತು ಯಾವಾಗ. ಆಯುಷ್ಯಪೂರ್ತಿ ಇದನ್ನೇ ಮಾಡಿದವನಿಗೆ ಮೊನ್ನೆ ಮೊನ್ನೆ ಕಾಲೇಜು ಮುಗಿಸಿದವಳು ಬಂದು ಹೇಳುತ್ತಿದ್ದಾಳೆ. ಶಿದ್ರಾಮಪ್ಪ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ.

ಆಕೆ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದಳು. ಹೊಲವನ್ನು ಉದ್ದಕ್ಕೆ ನಾಲ್ಕು ತುಂಡು ಮಾಡುವುದು. ನಾಲ್ಕಕ್ಕೂ ಒಂದೇ ಬೀಜ, ಒಂದೇ ದಿನದ ಬಿತ್ತಿಗೆ. ಬೇರೆಯಾಗುವುದು ಯೂರಿಯಾ ಮಾತ್ರ. ಒಂದಕ್ಕೆ ಈ ಸೀಮೆಗೆ ಇಷ್ಟೇ ಎಂದು ಹೇಳಿದ ಪೂರ್ತಿ ಪ್ರಮಾಣ, ಒಂದಕ್ಕೆ ಅದರ ಅರ್ಧ, ಒಂದಕ್ಕೆ ದುಪ್ಪಟ್ಟು. ಅದನ್ನೂ ಒಮ್ಮೆಲೇ ಸುರಿಯುವುದಲ್ಲ. ಬಿತ್ತುವಾಗ ಅರ್ಧ, ಗಿಡ ಮೊಗ್ಗು ಕಟ್ಟುವ ಹೊತ್ತಿಗೆ ಉಳಿದರ್ಧ. ಕಾಳು ಎಷ್ಟಾಗಬೇಕೆಂದು ಗಿಡ ತೀರ್ಮಾನ ಮಾಡುವುದು ಆಗಲೇ. ಹೂ ಅರಳಿದ ಮೇಲೆ ಕೊಟ್ಟದ್ದು ಎಣ್ಣೆಗೂ ಇಲ್ಲ, ಇಳುವರಿಗೂ ಇಲ್ಲ.

"ಕೈ ತೊಳಕೊಂಡಾಂವನ ಎಲಿಗೆ ಹಾಕಿದಂಗ" ಎಂದ ಶಿದ್ರಾಮಪ್ಪ.

"ಹಂಗ ಅನ್ನೂಣ್ರಿ" ಎಂದಳು ಪ್ರತಿಮಾ, ಅರ್ಥವಾಗದೆ.

"ಮತ್ತ ಈ ಮೊದಲನೇ ತುಂಡಿಗೆ?"

"ಅದಕ ಯೂರಿಯಾ ಇಲ್ರಿ."

"ಇಲ್ಲಂದ್ರ ಎಷ್ಟು?"

"ಏನೂ ಇಲ್ರಿ. ಶೂನ್ಯ. ಅದೊಂದು ಇದ್ರನ ಉಳಿದವು ಏನ್ ಮಾಡಿದ್ವು ಅಂತ ತಿಳಿಯೂದು."

ಶಿದ್ರಾಮಪ್ಪ ಗೆರೆಗಳನ್ನು ನೋಡುತ್ತ ಕುಳಿತ. "ಒಂದ ಪಂಗ್ತಿಯಾಗ ಮೂರು ಮಂದಿಗೆ ನೀಡಿ, ಒಬ್ಬಾವನ್ನ ಖಾಲಿ ಎಲಿ ಮುಂದ ಕುಂಡ್ರಸೂದ್ರಿ?"

ಪ್ರತಿಮಾ ನಕ್ಕಳು. ಅವನು ನಗಲಿಲ್ಲ ಎಂಬುದನ್ನು ಗಮನಿಸದೆ ಮುಂದಿನ ಮಾತಿಗೆ ಹೋದಳು. ಬೆಳೆ ಮಾಗಿದ ಮೇಲೆ ಹೊಲದಲ್ಲೇ ಕ್ಷೇತ್ರೋತ್ಸವ. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ತಾಲೂಕುಗಳಿಂದ ರೈತರು ಬರುತ್ತಾರೆ. ಪೆಂಡಾಲು, ಮೈಕು, ಭಾಷಣ, ಊಟ.

"ಊಟಾ?"

"ಹೌದ್ರಿ, ಮಧ್ಯಾಹ್ನ ಊಟ ಇರ್ತೈತಿ."

"ನಿಂತು ಉಣ್ಣೂದೋ, ಕುಂತು ಉಣ್ಣೂದೋ?"

"ನಿಮ್ಮ ಹೊಲ, ನೀವು ಹೆಂಗಂತೀರಿ ಹಂಗ."

ಶೂನ್ಯದ ತುಂಡಿನ ಬಗ್ಗೆ ಮತ್ತೆ ಚಕಾರ ಎತ್ತದೆ ಶಿದ್ರಾಮಪ್ಪ ಒಪ್ಪಿದ. ಹೊಲ ಕೊಟ್ಟದ್ದು ವಿಜ್ಞಾನಕ್ಕೆ ಎಂದು ಕೇಂದ್ರದವರು ತಿಳಿದರು. ಅವನು ಕೊಟ್ಟದ್ದು ಒಂದು ಸಾಲಿಗೆ. ಅಂದಿನಿಂದಲೇ ಮುತ್ತಲ ಎಲೆ ತಂದು ಊಟಕ್ಕೆ ಪತ್ರೋಳಿ ಹಚ್ಚತೊಡಗಿದ. ದಿನಾ ಸಂಜೆ ಕಟ್ಟೆಯ ಮೇಲೆ ಕುಳಿತು ಹಚ್ಚಿ, ಒಳಗೆ ಗೋಡೆಯ ಪಕ್ಕ ಒಟ್ಟುತ್ತಿದ್ದ. ಮಾತಾಡಲು ಯಾರೂ ಇಲ್ಲದ ಮನೆಯಲ್ಲಿ ಆ ಒಟ್ಟಲು ದಿನದಿನಕ್ಕೆ ಎತ್ತರವಾಗುತ್ತಿತ್ತು.

ಮಹಾನವಮಿಯ ಆಸುಪಾಸಿನಲ್ಲಿ ಬಿತ್ತಿಗೆಯಾಯಿತು. ನಾಲ್ಕು ತುಂಡಿಗೆ ನಾಲ್ಕು ಬೋರ್ಡು ಬಂದವು: ಶೂನ್ಯ, ಅರ್ಧ, ಪೂರ್ತಿ, ದುಪ್ಪಟ್ಟು. ತಹಶೀಲ್ದಾರರ ಕೋಣೆಯ ಮೇಲೆ ಇರಬೇಕಾದಂಥ ಅಕ್ಷರಗಳು. ಸಸಿಗಳು ಎದ್ದವು. ಸ್ವಲ್ಪ ದಿನಕ್ಕೆ ಬೋರ್ಡು ಓದದೆಯೂ ಯಾವುದು ಯಾವುದೆಂದು ಗೊತ್ತಾಗತೊಡಗಿತು. ದುಪ್ಪಟ್ಟಿನದು ಕಪ್ಪಿಗೆ ತಿರುಗುವಷ್ಟು ಹಸಿರು, ತಾಟಿನಂಥ ಎಲೆ. ಶೂನ್ಯದ್ದು ಗಿಡ್ಡ, ಕೆಳಗಿನ ಎಲೆಗಳು ಜ್ವರ ಬಂದವರ ಕಣ್ಣಿನಂತೆ ಹಳದಿ.

ಕಬ್ಬಿನ ಯಲ್ಲಾಲಿಂಗ ದಿನಾ ಆ ರಸ್ತೆಯಲ್ಲೇ ಬೈಕಿನಲ್ಲಿ ಹೋಗುವವನು. ಬೆಳೆ ಎಂದರೆ ಎತ್ತರ ಎಂದು ನಂಬಿದವನು. ಗಾಡಿ ನಿಲ್ಲಿಸಿ ದುಪ್ಪಟ್ಟನ್ನು ಹೊಗಳುತ್ತಿದ್ದ, ಆಮೇಲೆ ಶೂನ್ಯದ ಕಡೆ ಗದ್ದ ಎತ್ತುತ್ತಿದ್ದ.

"ಶಿದ್ರಾಮ ಕಾಕಾ, ಏನಿದು? ಇಡೀ ಸೀಮಿಗೆ ನೀಡಿದಾಂವ ನೀನು, ನಿನ್ನ ಹೊಲದಾಗ ಪಂಗ್ತಿಭೇದ?"

"ಅದು ಪ್ರಯೋಗಪಾ."

"ಪ್ರಯೋಗಾ? ಪಾಪ, ಅವು ಆಜೂಬಾಜೂದವ್ರ ಎಲಿ ನೋಡಾಕತ್ತಾವು ನೋಡು."

ಯಲ್ಲಾಲಿಂಗ ನಕ್ಕು ಗಾಡಿ ಬಿಟ್ಟ. ಅವನಿಗೆ ಅದು ಒಂದು ಚಾಷ್ಟಿ, ಬರೀ ತಮಾಷೆ. ಪಂಕ್ತಿಭೇದ ಮಾಡಿದವನು ಎಂಬುದು ನೀಡುವವನ ಪಾಲಿಗೆ ಬೈಗುಳಗಳಲ್ಲಿ ಕೊನೆಯ ಬೈಗುಳ. ಕಳ್ಳ ಎಂದಿದ್ದರೂ ಶಿದ್ರಾಮಪ್ಪ ಅಷ್ಟು ಬಾಡುತ್ತಿರಲಿಲ್ಲ.

ಅವನು ಪ್ರತಿಮಾಳಿಗೆ ಫೋನು ಮಾಡಿ, ಬೇರೆಯವರ ವಿಷಯ ಕೇಳುವಂತೆ, "ಒಂದ್ ಚೂರ ಹಾಕಿದ್ರ ಏನಾಗತೈತ್ರಿ?" ಎಂದು ಕೇಳಿದ. "ಹಾಕಬ್ಯಾಡ್ರಿ ಕಾಕಾ, ಎಲ್ಲಾ ಕೆಡತೈತಿ" ಎಂದು ಆಕೆ ಹೇಳಿದಳು. ಅವನು ಹಾಕಲಿಲ್ಲ. ಆ ತುಂಡಿನ ಪಕ್ಕ ಹೋಗುವಾಗ ಮುಖ ಮಾತ್ರ ಆ ಕಡೆ ಮಾಡುತ್ತಿರಲಿಲ್ಲ.

ಮೊಗ್ಗು ಕಟ್ಟಿತು. ಕೇಂದ್ರದವರು ಬಂದು ಮೂರು ತುಂಡುಗಳಿಗೆ ಅವುಗಳ ಪಾಲಿನ ಉಳಿದರ್ಧವನ್ನು ಹಾಕಿ, ಮಣ್ಣಿನಲ್ಲಿ ಬೆರೆಯಲೆಂದು ಎಡೆಕುಂಟೆ ಹೊಡೆಸಿ ಹೋದರು. ಶೂನ್ಯದ ಸಾಲುಗಳ ಮುಂದೆ ಬಂದು, ನಿಂತು, ಮುಂದೆ ಹೋದರು. ಅದನ್ನು ಶಿದ್ರಾಮಪ್ಪ ಬೇವಿನ ಮರದ ಕೆಳಗಿನ ಶೆಡ್ಡಿನಿಂದ ನೋಡುತ್ತಿದ್ದ. ಎಷ್ಟೋ ಸಾಲುಗಳನ್ನು ಕಂಡವನು, ಹೋಳಿಗೆಯವನು ಒಬ್ಬನನ್ನು ದಾಟಿ ಮುಂದೆ ಹೋಗುವುದನ್ನು ನೋಡಿದವನಲ್ಲ.

ಮರುದಿನ ಬೆಳಿಗ್ಗೆ ಅವನು ಯಲ್ಲಾಲಿಂಗನಲ್ಲಿಗೆ ಹೋಗಿ, ಅವನು ಕಬ್ಬಿಗೆಂದು ಇಟ್ಟಿದ್ದ ಚೀಲದಿಂದ ಯೂರಿಯಾ ಕೇಳಿ ತಂದ. ಅಟ್ಟದ ಮೇಲಿನ ತನ್ನ ಹಳೆಯ ಬಕೀಟನ್ನು ಇಳಿಸಿ ಒರೆಸಿದ. ಟಾವೆಲ್ಲನ್ನು ಸೊಂಟಕ್ಕೆ ಬಿಗಿದ. ಶೂನ್ಯದ ಮೊದಲ ಸಾಲಿನ ತುದಿಯಲ್ಲಿ ನಿಂತಾಗ, ನೋಡುವವರು ಯಾರೂ ಇಲ್ಲದಿದ್ದರೂ, ಕತ್ತು ತಾನಾಗಿ ನೆಟ್ಟಗಾಯಿತು. ಬಾಗಿ, ಗಿಡದ ಬುಡಕ್ಕೆ ತಾಗದಂತೆ, ತುಸು ಸರಿಸಿ, ಒಂದೊಂದಕ್ಕೂ ನೀಡುತ್ತ ಹೋದ. ಹಿಂದೆ ನೋಡಿದ. ಯಾವುದೂ ಸಾಕು ಅನ್ನಲಿಲ್ಲ. ಇನ್ನೊಂದು ಸುತ್ತು ನೀಡಿದ. ಆಗಲೂ ಅನ್ನಲಿಲ್ಲ. ಬಕೀಟು ಖಾಲಿಯಾದದ್ದರಿಂದ ಊಟ ಮುಗಿಯಿತು.

ಆ ವಾರವೇ, ದೀಪಾವಳಿ ಕಳೆದ ಮೇಲೆ, ಅಕಾಲದ ಮಳೆ ಬಿತ್ತು. ಮಳೆ ಬಾರದಿದ್ದರೆ ಯೂರಿಯಾ ನೆಲದ ಮೇಲೆಯೇ ಆವಿಯಾಗಿ ಹಾರಿಹೋಗುತ್ತಿತ್ತು. ಹಸಿ ಸಿಕ್ಕು ಇಳಿಯಿತು. ಶೂನ್ಯ ಹಸಿರಾಯಿತು. ಶಿದ್ರಾಮಪ್ಪ ಈಗ ಅದರ ಪಕ್ಕವೇ ಅಡ್ಡಾಡತೊಡಗಿದ, ಎದುರಿಗೆ ಬಂದವರ ಕುಶಲ ಕೇಳುವವನಂತೆ.

ಹೂ ಬಂದಾಗ ಮಾತ್ರ ಅವನಿಗೊಂದು ಪೆಟ್ಟಾಯಿತು. ಮೊಗ್ಗಿದ್ದಾಗ ಸೂರ್ಯನ ಜೊತೆ ತಿರುಗುತ್ತಿದ್ದ ತಲೆಗಳು, ಅರಳಿದ ಮೇಲೆ ಮೂಡಣಕ್ಕೆ ಮುಖ ಮಾಡಿ ನಿಂತೇಬಿಟ್ಟವು. ರಸ್ತೆ ಮತ್ತು ಶೆಡ್ಡು ಇರುವುದು ಪಡುವಣಕ್ಕೆ. ಕಾವಲಿಗೆಂದು ಶೆಡ್ಡಿನಲ್ಲೇ ಮಲಗಿ, ಬೆಳಿಗ್ಗೆ ಎದ್ದು ಚಹಾ ಹಿಡಿದು ಹೊರಗೆ ಬಂದರೆ ಇಡೀ ಹೊಲ ಅವನಿಗೆ ಬೆನ್ನು ಹಾಕಿ ನಿಂತಿರುತ್ತಿತ್ತು. ಮುಖಗಳೆಲ್ಲ ಬದುವಿನ ಆಚೆಯ ಕೆಂಪವ್ವನಿಗೆ. ಗಂಡ, ಇಬ್ಬರು ಸೊಸೆಯರು, ಮೊಮ್ಮಕ್ಕಳು, ಆಡುಗಳು ಎಂದು ಗಿಜಿಗುಡುವ ಮನೆಯ ಕೆಂಪವ್ವನಿಗೆ ಅವುಗಳನ್ನು ನೋಡಲು ಪುರುಸೊತ್ತೇ ಇರಲಿಲ್ಲ. ಕ್ಷೇತ್ರೋತ್ಸವದ ಪೆಂಡಾಲನ್ನು ಮೂಡಣದ ಬದುವಿಗೇ ಹಾಕಿಸಬೇಕೆಂದು ಶಿದ್ರಾಮಪ್ಪ ನಿರ್ಧರಿಸಿದ. ಉಣ್ಣುವವರು ಮುಖ ನೋಡಿ ಉಣ್ಣಲಿ.

ಕಾಳು ಕಟ್ಟುವ ಹೊತ್ತಿಗೆ ಒಂದು ಸಂಜೆ ಗಾಳಿ ಬೀಸಿತು. ದುಪ್ಪಟ್ಟು ನೆಲಕ್ಕೆ ಒರಗಿತು. ಯಲ್ಲಾಲಿಂಗ ಹೊಗಳಿದ ಎತ್ತರವೇ ಅದಕ್ಕೆ ಭಾರವಾಗಿತ್ತು. ಪ್ರತಿಮಾ ಬಂದು ಬಿದ್ದ ತಲೆಯೊಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ತೋರಿಸಿದಳು. ಅಂಚಿನಲ್ಲಿ ಕಾಳು, ನಡುವೆ ಜೊಳ್ಳು.

"ಹೆಚ್ಚು ಹಾಕಿದ್ದು ಎಲ್ಲಾ ಎಲಿಗೆ, ದಂಟಿಗೆ ಹೋತ್ರಿ. ಮಾಗೂದೂ ತಡ. ಇದ್ದ ಕಾಳಿನಾಗೂ ಎಣ್ಣಿ ಕಡಿಮಿ" ಎಂದಳು.

ಶಿದ್ರಾಮಪ್ಪನಿಗೆ ಗೋಡೆಗೆ ಒರಗಿ ಕುಳಿತ ಮುರಗೆಪ್ಪ ನೆನಪಾದರು. ಅವರನ್ನು ಇಷ್ಟು ವರ್ಷ ಹೆಮ್ಮೆಯಿಂದ ನೆನೆದಿದ್ದ. ಈಗ ಮೊದಲ ಬಾರಿ, ಪಾಪ, ಆ ರಾತ್ರಿ ಅವರಿಗೆ ನಿದ್ದೆ ಬಂದಿತ್ತೋ ಇಲ್ಲವೋ ಎನಿಸಿತು.

ಪ್ರತಿಮಾ ಪ್ರತಿ ತುಂಡಿನಿಂದಲೂ ಗುರುತು ಹಾಕಿದಷ್ಟು ಜಾಗದ ತಲೆಗಳನ್ನು ಕೊಯ್ದು, ಬಡಿದು, ತೂಗಿದಳು. ಪೂರ್ತಿ ಎಲ್ಲಕ್ಕಿಂತ ಮುಂದಿತ್ತು. ಅದು ಸರಿ. ಆದರೆ ಏನೂ ಉಣ್ಣದ ಶೂನ್ಯ, ಅರ್ಧ ಉಂಡದ್ದನ್ನು ಹಿಂದೆ ಹಾಕಿ, ಪೂರ್ತಿಯ ಹತ್ತಿರ ಹತ್ತಿರ ಬಂದು ನಿಂತಿತ್ತು. ಆಕೆ ತಕ್ಕಡಿಯನ್ನು ತಟ್ಟಿ ನೋಡಿದಳು. ಮತ್ತೆ ತೂಗಿದಳು.

"ಕಾಕಾ, ಹೋದ ವರ್ಷ ಕಡ್ಲಿ ಇತ್ತಂದ್ರಲ್ಲ?"

"ಹೌದ್ರಿ, ಕಡ್ಲಿ."

"ಕಡ್ಲಿ ಬೇರು ಭೂಮಿಗೆ ಸಾರಜನಕ ಕೂಡಿಸ್ತೈತಿ. ಆದ್ರೂ ಇಷ್ಟಾ?"

ಹೇಳಬೇಕಾದ ಮಾತು ಶಿದ್ರಾಮಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪ್ರತಿಮಾಳ ಮುಖದ ಮೇಲೆ ಅಂಥ ಬೆಳಕು ಮೂಡಿತ್ತು. ಉಣ್ಣುವವನು ಕಣ್ಣರಳಿಸಿದಾಗ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳುವ ಸ್ವಭಾವ ಅವನದಲ್ಲ. "ಭೂಮಿ ಛಲೋ ಐತ್ರಿ" ಎಂದುಬಿಟ್ಟ.

ಸುದ್ದಿ ಕೇಂದ್ರಕ್ಕೆ ಹೋಯಿತು. ಕೇಂದ್ರದ ದೊಡ್ಡ ಸಾಹೇಬರು ಇಂಥದೊಂದು ಸುದ್ದಿಗಾಗಿ ನಿವೃತ್ತಿಯ ತನಕ ಕಾಯಲು ಸಿದ್ಧರಿದ್ದವರು. ಕ್ಷೇತ್ರೋತ್ಸವ ದೊಡ್ಡದಾಯಿತು. ಸಂಕ್ರಾಂತಿ ಕಳೆದು ಒಂದು ದಿನ ಗೊತ್ತಾಯಿತು. ಪ್ರತಿಮಾ ಫೋನಿನಲ್ಲಿ ಬ್ಯಾನರಿನ ನಕಲು ತೋರಿಸಿದಳು: "ಯೂರಿಯಾ ಇಲ್ಲದೆ ಸೂರ್ಯಕಾಂತಿ. ಪ್ರಗತಿಪರ ರೈತ ಶ್ರೀ ಶಿದ್ರಾಮಪ್ಪನವರ ಸಾಧನೆ." ಪಕ್ಕದಲ್ಲಿ ಅವನು ಕೈಮುಗಿದು ನಿಂತ ಫೋಟೋ, ಸಾಹೇಬರ ಫೋಟೋದ ಅರ್ಧದಷ್ಟು ದೊಡ್ಡದು. ಶಿದ್ರಾಮಪ್ಪ ಬಹಳ ಹೊತ್ತು ನೋಡಿದ.

"ಬಕೀಟ್ ಹಿಡದಿದ್ರ ಛಲೋ ಇತ್ರಿ" ಎಂದ.

ಹುಗ್ಗಿಗೆಂದು ಗೋಧಿ ಕುಟ್ಟಿಸಿ ತಂದ. ಪತ್ರೋಳಿಗಳನ್ನು ಎಣಿಸದೆ ಕಣ್ಣಳತೆಯಲ್ಲೇ ನೋಡಿದ, ನಾಲ್ಕು ತಾಲೂಕು ಕುಳಿತರೂ ಸಾಲುತ್ತವೆ. ಪೆಂಡಾಲಿನ ಜಾಗದಲ್ಲಿ ಹೆಂಟೆ ಒಡೆಯುತ್ತಿದ್ದಾಗ ಬದುವಿನ ಆಚೆಯಿಂದ ಕೆಂಪವ್ವ ಕೂಗಿದಳು.

"ಶಿದ್ರಾಮಣ್ಣ, ನೀ ಅಂತೂ ಮಂದಿಗೆ ದಾರಿ ತೋರ್ಸಿದಿ ಬಿಡು."

"ಏನ್ ತೋರ್ಸಿದ್ನಿ ತಂಗೀ?"

"ಯೂರಿಯಾ ಬ್ಯಾಡಂತಲ್ಲ. ನಾನೂ ಮುಂದಿನ ಹಿಂಗಾರಿಗೆ ಸೂರ್ಯಪಾನಕ್ಕ ಏನೂ ಹಾಕೂದಿಲ್ಲ. ನಮ್ಮ ಸೊಸಿ ತವರಮನ್ಯಾಗೂ ಹೇಳೇನಿ, ಅವ್ರದು ಭಾಳ ಹೊಲ ಐತಿ."

"ನಿಮ್ಮ ಹೊಲದಾಗ ಕಡ್ಲಿ ಎಲ್ಲಿತ್ತು?"

"ಕಡ್ಲಿ ಇಲ್ಲದಿದ್ರ ಏನಾತು? ನಿನ್ನ ಹೊಲಕ್ಕೂ ನನ್ನ ಹೊಲಕ್ಕೂ ನಡುವ ಒಂದ್ ಬದು ಅಷ್ಟ."

ಆಕೆ ಆಡನ್ನು ಅಟ್ಟಿಸಿಕೊಂಡು ಹೋದಳು. ಶಿದ್ರಾಮಪ್ಪ ಕೈಯಲ್ಲಿದ್ದ ಹೆಂಟೆಯನ್ನು ಒಡೆಯದೆ ಹಿಡಿದುಕೊಂಡೇ ನಿಂತ. ಬರುವ ವರ್ಷ ಕೆಂಪವ್ವನ ಹೊಲ ಹಳದಿಯಾಗುತ್ತದೆ. ಸೊಸೆಯ ತವರಿನ ಹೊಲ ಹಳದಿಯಾಗುತ್ತದೆ. ಅವನ ಸಾಲಿನಲ್ಲಿ ಕುಳಿತು, ಅವನ ಕೈಯ ಹುಗ್ಗಿ ಉಂಡು, ಬ್ಯಾನರ್ ಓದಿ ಮನೆಗೆ ಹೋದ ನಾಲ್ಕು ತಾಲೂಕಿನವರ ಹೊಲಗಳೆಲ್ಲ ಖಾಲಿ ಎಲೆಯ ಮುಂದೆ ಕೂರುತ್ತವೆ. ಮೊಗ್ಗಿನ ಹೊತ್ತು ದಾಟಿದ ಮೇಲೆ ಯಾರು ಬಕೀಟು ಹಿಡಿದು ಓಡಿದರೂ ಬರುವುದೇನಿಲ್ಲ.

ಮರುದಿನದ ಬಸ್ಸಿಗೆ ಅವನು ಬೀಳಗಿಗೆ ಹೋದ. ಪ್ರತಿಮಾಳ ಕಚೇರಿ ಎಂದರೆ ಒಂದು ಕೋಣೆ, ತುಂಬ ಬೀಜದ ಚೀಲ. ಆಕೆ ಚಹಾ ತರಿಸಿದಳು. ಶಿದ್ರಾಮಪ್ಪ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡ.

"ಮೇಡಮ್ಮಾರ, ಶೂನ್ಯ ಶೂನ್ಯ ಅಲ್ರಿ."

"ಅಂದ್ರ?"

"ಉಂಡೈತ್ರಿ ಅದು."

ಪ್ರತಿಮಾಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಆಕೆ ಸಿಟ್ಟಾಗುವ ಮೊದಲು ವಿಜ್ಞಾನಿಯೇ ಆದಳು. "ಯಾವಾಗ ಹಾಕಿದ್ರಿ?"

"ಮೊಗ್ಗಿದ್ದಾಗ. ನೀವು ಉಳಿದವ್ಕ ಹಾಕಿ ಹೋದ್ರಲ್ಲ, ಮರುದಿನ."

"ಎಷ್ಟು?"

"ನೀಡಾಂವ ತೂಗೂದಿಲ್ರಿ."

"ಯಾಕ್ ಹಾಕಿದ್ರಿ ಕಾಕಾ? ಫೋನ್ ಮಾಡಿದಾಗ ಬ್ಯಾಡ ಅಂದಿದ್ನಿಲ್ಲ?"

"ನೀವು ಬ್ಯಾಡ ಅಂದಿದ್ರಿ. ಅದು ಸಾಕು ಅನ್ನಲಿಲ್ರಿ."

"ಗಿಡ ಸಾಕು ಅಂತೈತೇನ್ರಿ?"

"ಅನ್ನೂದಿಲ್ರಿ. ಅದಕ್ಕ ನಂಗ ಎಲ್ಲಿ ನಿಂದರಬೇಕು ತಿಳೀಲಿಲ್ಲ."

ಪ್ರತಿಮಾ ನಗಬಾರದೆಂದುಕೊಂಡಿದ್ದಳು, ನಗು ಬಂದುಬಿಟ್ಟಿತು. ಆಮೇಲೆ ನಿಂತಿತು. "ಬಿತ್ತುವಾಗ ಏನೂ ಇಲ್ಲದ ಬೆಳಿ, ಮೊಗ್ಗಿಗೆ ಸಿಕ್ಕದ್ರಾಗ ಇಷ್ಟು ಸುಧಾರಿಸ್ತು ಅಂದ್ರ ಅದೂ ಒಂದು ಮಾತ ಐತ್ರಿ. ಆದ್ರ ಎಷ್ಟು ಹಾಕಿದ್ರಿ ಗೊತ್ತಿಲ್ಲಲ್ಲ. ಯಾರಿಗೂ ಹೇಳಾಕ ಬರೂದಿಲ್ಲ." ಕಿಟಕಿಯ ಹೊರಗೆ ನೋಡಿದಳು. "ಸಾಹೇಬ್ರಿಗೆ ನಾನ ಹೇಳ್ತೇನಿ."

"ಕ್ಷೇತ್ರೋತ್ಸವ?"

"ಲೋಕಾಪುರದ ಕಡೆ ಇಂಥಾದ ಇನ್ನೊಂದು ಹೊಲ ಐತ್ರಿ. ಅಲ್ಲಿಗೆ ಹೋಗತೈತಿ. ನೀವೂ ಬರ್ರಿ, ಜೀಪ್ ಕಳಸ್ತೇವಿ."

"ಅಲ್ಲಿ ಊಟಾ?"

"ಕೇಟರಿಂಗ್‌ನವ್ರಿಗೆ ಹೇಳ್ಯಾರ್ರಿ."

ಶಿದ್ರಾಮಪ್ಪ ತಲೆಯಾಡಿಸಿದ. ಚಹಾ ಆರಿತ್ತು. ಅದನ್ನು ಕುಡಿದು, ಚಹಾ ಛಲೋ ಇತ್ತೆಂದು ಹೇಳಿ ಎದ್ದ.

ಆ ದಿನ ಜೀಪು ಬಂದದ್ದು ನಿಜ. ರಸ್ತೆಯ ಮೇಲೆ ನಿಂತು ಹಾರ್ನು ಹೊಡೆಯಿತು. ಶಿದ್ರಾಮಪ್ಪ ಶೆಡ್ಡಿನಿಂದಲೇ ಕೈ ಬೀಸಿ, "ಹೊಲದಾಗ ಕೆಲಸ ಐತ್ರಿ" ಎಂದ. ಬ್ಯಾನರಿನ ಬಟ್ಟೆಯನ್ನು, ಆಗಲೇ ಅಚ್ಚಾಗಿದ್ದುದರಿಂದ, ಡ್ರೈವರು ಬೇವಿನ ಮರದ ಕೆಳಗೆ ಇಟ್ಟು ಹೋದ. ಮಳೆಗಾಲಕ್ಕೆ ಶೆಡ್ಡಿನ ಮೇಲೆ ಹೊದಿಸಲು ಬರುತ್ತದೆ.

ಕುಟ್ಟಿಸಿದ ಗೋಧಿ ಇಟ್ಟರೆ ಕೆಡುತ್ತದೆ. ಅವನು ಹುಗ್ಗಿಗೆ ಇಟ್ಟ, ಕೈಗೆ ಬಂದಷ್ಟು. ಬೆಲ್ಲ ಹಾಕಿದ, ಗಸಗಸೆ ಹಾಕಿದ. ಪಾತ್ರೆಯನ್ನು ಹೊತ್ತುಕೊಂಡು, ಪತ್ರೋಳಿಯ ಒಂದು ಕಟ್ಟು, ತುಪ್ಪ, ನೀರಿನ ತಂಬಿಗೆ ಹಿಡಿದುಕೊಂಡು, ಮೂಡಣದ ಬದುವಿಗೆ ಹೋಗಿ ಕುಳಿತ. ಕೊಯ್ಯದೆ ಉಳಿದ ಸೂರ್ಯಕಾಂತಿಯ ತಲೆಗಳು ಈಗ ಕಂದು ಬಣ್ಣಕ್ಕೆ ತಿರುಗಿ, ಕಾಳಿನ ಭಾರಕ್ಕೆ ಬಾಗಿ, ಸಾಲು ಸಾಲಾಗಿ ಅವನ ಕಡೆ ಮುಖ ಮಾಡಿದ್ದವು. ಎಲೆಯ ಮುಂದೆ ಕುಳಿತವರು ಬಾಗುವ ಹಾಗೇ. ಅಂಥ ದೊಡ್ಡ ಪಂಕ್ತಿಯನ್ನು ಅವನು ಜಮಖಂಡಿಯಲ್ಲೂ ಕಂಡಿರಲಿಲ್ಲ.

ಕೆಂಪವ್ವ ಕುಡಗೋಲು ಹಿಡಿದು ಬದು ದಾಟಿ ಬಂದಳು. "ಉತ್ಸವ ಇಲ್ಲೇನು ಇವತ್ತು?"

"ಲೋಕಾಪುರಕ್ಕ ಹೋತು. ಯೂರಿಯಾ ನಾನ ಹಾಕಿದ್ನಿ ತಂಗೀ. ಬ್ಯಾನರ್ ಸುಳ್ಳು. ನೀ ಬಿತ್ತುವಾಗ ಅರ್ಧ, ಮೊಗ್ಗಿಗೆ ಅರ್ಧ ಹಾಕು. ಹೆಚ್ಚೂ ಬ್ಯಾಡ. ಹೂವಾದ ಮ್ಯಾಲೆ ಅಂತೂ ಬ್ಯಾಡ. ಸೊಸಿ ತವರಿಗೂ ಹೇಳು."

"ಅಯ್ಯ ಶಿವನ. ಫೋಟೋ ಬ್ಯಾರೆ ಹಾಕಿಸಿದ್ದಿ."

"ಕುಂಡ್ರು, ಉಣ್ಣು."

"ನಂದು ಊಟ ಆಗೈತಣ್ಣ, ಕಣಕಿ ಕೊಯ್ಯೂದೈತಿ" ಎನ್ನುತ್ತಲೇ ಆಕೆ ಕುಳಿತಳು. ಶಿದ್ರಾಮಪ್ಪ ಎದ್ದು ನಿಂತ. ಪತ್ರೋಳಿ ಹಾಕಿದ, ನೀರು ಚಿಮುಕಿಸಿದ, ಹುಗ್ಗಿ ನೀಡಿದ, ತುಪ್ಪ ಬಿಟ್ಟ. ಆಕೆ ಸಾಕು ಅಂದಳು. ಇನ್ನೊಂದು ಸೌಟು ಹಾಕಿದ. ಮತ್ತೆ ಸಾಕು ಅಂದಳು. ಅರ್ಧ ಸೌಟು ಹಾಕಿದ. ಆಕೆ ಕೈ ಅಡ್ಡ ಹಿಡಿದಳು. ಅವನು ಬೆರಳುಗಳನ್ನು ನೋಡಿದ. ನೆಲಕ್ಕೆ ಒರಗಿದ ದುಪ್ಪಟ್ಟನ್ನೂ ಒಮ್ಮೆ ನೋಡಿದ. ಸೌಟನ್ನು ಹಿಂದಕ್ಕೆ ತೆಗೆದ. ಅಷ್ಟು ಹೊತ್ತು ಬದುವಿನ ಮೇಲೆ ಒಂದು ಮದುವೆ ನಡೆದಂತಿತ್ತು.

"ಛಲೋ ಆಗೇತಣ್ಣ" ಎಂದು ಕೆಂಪವ್ವ ಬೆರಳು ನೆಕ್ಕಿ ಎದ್ದಳು. "ನೀ ಉಂಡಿಯಿಲ್ಲ? ಕುಂಡ್ರು, ನಾನ ನೀಡ್ತೇನಿ. ಲಗೂನ ಕುಂಡ್ರು, ಆಡು ಬಿಟ್ಟ ಬಂದೇನಿ."

ಶಿದ್ರಾಮಪ್ಪನಿಗೆ ಕುಳಿತುಕೊಳ್ಳುವುದು ಹೇಗೆಂದು ತಟ್ಟನೆ ಹೊಳೆಯಲಿಲ್ಲ. ಇನ್ನೊಬ್ಬರು ನೀಡಲೆಂದು ಎಲೆಯ ಈ ಕಡೆಗೆ ಅವನು ಕುಳಿತದ್ದು ತಾಯಿ ಸುಂದರವ್ವನ ಕಾಲಕ್ಕೇ ಕೊನೆ. ಕಾಲು ಮಡಚಿದ. ಕಟ್ಟಿನಿಂದ ಇನ್ನೊಂದು ಪತ್ರೋಳಿಯನ್ನು ತನ್ನ ಮುಂದೆ ಎಳೆದುಕೊಂಡ. ಕೆಂಪವ್ವ ಒಂದು ಸೌಟು ಹುಗ್ಗಿ ಹಾಕಿದಳು. ಅವನಿಗೆ ಹಸಿವಿತ್ತು. ಆದರೆ ಉಣ್ಣಲು ಕುಳಿತವನು ಅನ್ನಬೇಕಾದ ಮಾತೊಂದಿದೆಯಲ್ಲ, ಮರ್ಯಾದೆಯದು. ತಲೆ ತಗ್ಗಿಸಿ ಅಂದ.

"ಸಾಕು."

"ಆತು" ಎಂದು ಕೆಂಪವ್ವ ಸೌಟನ್ನು ಪಾತ್ರೆಯಲ್ಲಿಟ್ಟು, ಮುಚ್ಚಳ ಮುಚ್ಚಿ, ಕುಡಗೋಲು ಎತ್ತಿಕೊಂಡು, ಆಡನ್ನು ಕೂಗುತ್ತ ಬದು ದಾಟಿ ಹೋದಳು.

ಶಿದ್ರಾಮಪ್ಪ ಮುಚ್ಚಿದ ಪಾತ್ರೆಯ ಕಡೆ ನೋಡಿದ. ಅದು ಮೊದಲನೇ ಸಾಕು ಆಗಿತ್ತು.